ಒಂಟಿ ದೋಣಿಯ ಧರ್ಮ

ಮಾನವನ ನಡತೆಗೆ ನಿಜವಾದ ಪರೀಕ್ಷೆಯೊದಗುವುದು ಏಕಾಂತದಲ್ಲಿ. ನಾಲ್ವರು ನೋಡುತ್ತಿರುವಾಗ ಸತ್ಯವಂತನಾಗಿರುವುದಕ್ಕೆ ಲೋಕಾಪವಾದದ ಭಯವೊಂದೇ ಸಾಕು. ಯಾರೂ ನೋಡದಿರುವಾಗ, ಗೆಲುವು ಕೈಗೆಟುಕುವಷ್ಟು ಸಮೀಪದಲ್ಲಿರುವಾಗ, ತನ್ನ ತಪ್ಪನ್ನು ತಾನೇ ಒಪ್ಪಿ ಅದರ ನಷ್ಟವನ್ನು ತಾನೇ ಹೊರಬಲ್ಲವನು ಯಾರು? ಈ ಹಳೆಯ ಪ್ರಶ್ನೆಯ ಮೇಲೆ, ನಮ್ಮ ಬಯಲುಸೀಮೆಗೆ ಅಷ್ಟಾಗಿ ಪರಿಚಯವಿಲ್ಲದ ಕ್ರೀಡೆಯೊಂದು ಬೆಳಕು ಚೆಲ್ಲುತ್ತದೆ. ಅದು ಒಬ್ಬನೇ ನಡೆಸುವ ಹಾಯಿದೋಣಿಯ ಸ್ಪರ್ಧೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ನಮಗೆ ಸಮುದ್ರವಿಲ್ಲ. ವರ್ಷಪೂರ್ತಿ ತುಂಬಿ ಹರಿಯುವ ನದಿಯೂ ಇಲ್ಲ. ನೀರೆಂದರೆ ಕೆರೆ. ಆದರೆ ನೆರೆಯ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹಾಯಿದೋಣಿ ನಡೆಸುವುದನ್ನು ನಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಒಬ್ಬನೇ ನಡೆಸುವ ದೋಣಿಗಳಲ್ಲಿ ಬಹು ಪ್ರಸಿದ್ಧವಾದುದು ಕೆನಡಾದ ಬ್ರೂಸ್ ಕರ್ಬಿ ರೂಪಿಸಿದ ‘ಲೇಸರ್’. ಇಂದು ಅದಕ್ಕೆ ‘ಐ.ಎಲ್.ಸಿ.ಎ.’ ಎಂಬ ಹೆಸರು ರೂಢಿಯಲ್ಲಿದೆ. ಉದ್ದ ಸುಮಾರು 4.2 ಮೀಟರ್, ಹಾಯಿ ಒಂದು, ಚುಕ್ಕಾಣಿ ಒಂದು, ಆಳು ಒಬ್ಬ. 1996ರಿಂದ ಇದು ಒಲಿಂಪಿಕ್ ಕ್ರೀಡೆಗಳಲ್ಲಿದೆ. ಅಮೆರಿಕದ ಕಾಲೇಜುಗಳ ಪುರುಷ ವಿದ್ಯಾರ್ಥಿಗಳು ಗ್ಲೆನ್ ಎಸ್. ಫಾಸ್ಟರ್ ಟ್ರೋಫಿಗಾಗಿ ಸೆಣಸಿದ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿಯೂ ಬಳಕೆಗೆ ಬಂದುದು ಇದೇ ದೋಣಿ. ನಮ್ಮ ದೇಶದ ಸೇನೆಯ ವಿಷ್ಣು ಸರವಣನ್ ಅವರು 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚಿನ ಪದಕ ಪಡೆದುದೂ ಇದರಲ್ಲಿಯೇ.

ಈ ಸ್ಪರ್ಧೆಯ ಎರಡು ಲಕ್ಷಣಗಳು ವಿಚಾರಯೋಗ್ಯವಾಗಿವೆ. ಮೊದಲನೆಯದು, ಎಲ್ಲರ ದೋಣಿಯೂ ಒಂದೇ ಅಳತೆಯದು, ಒಂದೇ ಮಾದರಿಯದು. ಶ್ರೀಮಂತನ ಮಗನಿಗೆ ದೊಡ್ಡ ಹಾಯಿ, ಬಡವನ ಮಗನಿಗೆ ಚಿಕ್ಕ ಹಾಯಿ ಎಂಬ ಭೇದವಿಲ್ಲ. ಗಾಳಿಯೂ ಯಾರ ಸ್ವತ್ತಲ್ಲ. ಸೋತವನು ಸಂಗಡಿಗನನ್ನು ದೂರುವಂತೆಯೂ ಇಲ್ಲ, ಏಕೆಂದರೆ ಸಂಗಡಿಗನೇ ಇಲ್ಲ. ಎರಡನೆಯದು ಇನ್ನೂ ಗಹನವಾದುದು. ನಿಯಮಭಂಗ ಮಾಡಿದವನು ತೀರ್ಪುಗಾರನ ಸೀಟಿಗಾಗಿ ಕಾಯತಕ್ಕದ್ದಲ್ಲ. ತಾನೇ ತನಗೆ ದಂಡ ವಿಧಿಸಿಕೊಳ್ಳತಕ್ಕದ್ದು. ನೀರಿನ ಮೇಲೆ ತೇಲಬಿಟ್ಟ ಗುರುತಿಗೆ ದೋಣಿ ತಾಗಿದರೆ ಒಂದು ಸುತ್ತು, ದಾರಿಯ ಹಕ್ಕುಳ್ಳವನಿಗೆ ಅಡ್ಡ ಬಂದರೆ ಸಾಮಾನ್ಯವಾಗಿ ಎರಡು ಸುತ್ತು, ತನ್ನ ದೋಣಿಯನ್ನು ನಿಂತಲ್ಲೇ ತಿರುಗಿಸಬೇಕು. ಅಷ್ಟರಲ್ಲಿ ಹಿಂದಿದ್ದವರು ಮುಂದೆ ಹೋಗಿರುತ್ತಾರೆ. ತಪ್ಪು ಘೋರವಾಗಿದ್ದರೆ ಸ್ಪರ್ಧೆಯಿಂದಲೇ ಹಿಂದೆ ಸರಿಯಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ದೂರು ಕೊಡುವ ಮಾರ್ಗವೂ ವಿಚಾರಣೆಯ ಮಂಡಲಿಯೂ ಇರುವಾಗ, ಇದನ್ನು ಆತ್ಮಸಾಕ್ಷಿಯೆಂದು ಕರೆಯುವುದೇಕೆ? ದಂಡದ ಭಯವೆಂದರೆ ಸಾಲದೆ? ಈ ಮಾತಿನಲ್ಲಿ ಸ್ವಲ್ಪ ಸತ್ಯಾಂಶವುಂಟು. ಆದರೆ ಅಲೆಯ ಮರೆಯಲ್ಲಿ ಗುರುತಿಗೆ ಸೋಕಿದ ದೋಣಿಯನ್ನು ಯಾರು ಕಂಡಾರು? ಕಂಡವನು ಒಬ್ಬನೇ, ಚುಕ್ಕಾಣಿ ಹಿಡಿದವನು. ದೊಡ್ಡಬಳ್ಳಾಪುರದ ನೇಕಾರರನ್ನು ಕೇಳಿದರೆ ಇದೇ ಮಾತನ್ನು ಬೇರೊಂದು ರೀತಿಯಲ್ಲಿ ಹೇಳಿಯಾರು. ಸೀರೆಯ ಒಳಮಡಿಕೆಯಲ್ಲಿ ಎಳೆ ತಪ್ಪಿದ್ದರೆ ಕೊಳ್ಳುವವರಿಗೆ ಆ ಕ್ಷಣಕ್ಕೆ ತಿಳಿಯದು; ಮಗ್ಗದ ಮುಂದೆ ಕುಳಿತವನಿಗೆ ತಿಳಿದಿರುತ್ತದೆ. ಅದನ್ನು ಬಿಚ್ಚಿ ಮತ್ತೆ ನೇಯುವವನ ದುಡಿಮೆಯೇ ಕಾಯಕವೆನ್ನಿಸಿಕೊಳ್ಳುತ್ತದೆ. ಜೇಡರ ದಾಸಿಮಯ್ಯನವರು ನೇಕಾರರಾಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಶರಣರು ಇಷ್ಟಲಿಂಗವನ್ನು ಅವರವರ ಕರಸ್ಥಲಕ್ಕೆ ಕೊಟ್ಟುದರ ಮರ್ಮವೂ ಇದೇ. ನಡುವೆ ಪೂಜಾರಿಯಿಲ್ಲ; ಆದುದರಿಂದ ಹೊಣೆಯನ್ನು ಹೊರಿಸಲು ಮತ್ತೊಬ್ಬನೂ ಇಲ್ಲ.

ಆದರೆ ಸ್ವಂತ ಶುದ್ಧಿಯೊಂದೇ ಸಾಕೆ? ಅಂಬಿಗರ ಚೌಡಯ್ಯನವರ ಕಾಯಕವನ್ನು ಸ್ಮರಿಸಿದಾಗ ಈ ಸಂದೇಹ ಏಳುತ್ತದೆ. ಅವರ ದೋಣಿ ಅನ್ಯರನ್ನು ದಡ ಮುಟ್ಟಿಸುವ ದೋಣಿ. ಸ್ಪರ್ಧೆಯ ದೋಣಿಯಲ್ಲಾದರೋ ನಡೆಸುವವನೂ ತಾನೇ, ಪ್ರಯಾಣಿಕನೂ ತಾನೇ. ತನ್ನನ್ನಷ್ಟೇ ಹೊತ್ತು ಸಾಗುವ ದೋಣಿಗೆ ಯಾವ ಸಾರ್ಥಕ್ಯ?

ಇದಕ್ಕೆ 1988ರ ಸೆಪ್ಟೆಂಬರ್ 24ರಂದು ಉತ್ತರ ದೊರೆಯಿತು. ಸೋಲ್ ಒಲಿಂಪಿಕ್ಸಿನ ಹಾಯಿದೋಣಿ ಸ್ಪರ್ಧೆಗಳು ಪೂಸಾನ್ ಬಂದರಿನ ಬಳಿ ನಡೆಯುತ್ತಿದ್ದವು. ‘ಫಿನ್’ ಎಂಬ ಒಂಟಿ ದೋಣಿಯ ವರ್ಗದಲ್ಲಿ ಕೆನಡಾದ ಲಾರೆನ್ಸ್ ಲೆಮ್ಯೂ ಎರಡನೆಯ ಸ್ಥಾನದಲ್ಲಿದ್ದರು. ಬಿರುಗಾಳಿಯಲ್ಲಿ ಬೇರೊಂದು ವರ್ಗದ ಸಿಂಗಪುರದ ದೋಣಿ ಮಗುಚಿ, ಇಬ್ಬರು ನೀರುಪಾಲಾಗುವ ಸ್ಥಿತಿಯಲ್ಲಿರುವುದು ಅವರಿಗೆ ಕಾಣಿಸಿತು. ಅವರು ಪಂದ್ಯದ ದಾರಿ ಬಿಟ್ಟು ಹೋಗಿ ಅವರನ್ನು ರಕ್ಷಿಸಿದರು. ಕಾವಲು ದೋಣಿ ಬರುವವರೆಗೂ ಕಾದರು. ಹಿಂದಿರುಗುವಷ್ಟರಲ್ಲಿ ಬಹುಮಂದಿ ಮುಂದೆ ಹೋಗಿದ್ದರು. ತೀರ್ಪುಗಾರರು ಆ ಪಂದ್ಯದ ಎರಡನೆಯ ಸ್ಥಾನವನ್ನು ಅವರಿಗೇ ಕೊಟ್ಟರು. ಆದರೂ ಒಟ್ಟು ಫಲಿತಾಂಶದಲ್ಲಿ ಅವರು 11ನೆಯವರಾದರು. ಒಲಿಂಪಿಕ್ ಸಮಿತಿ ಅವರಿಗೆ ಪಿಯೇರ್ ದ ಕೂಬರ್ತಾ ಪದಕವಿತ್ತು ಗೌರವಿಸಿತು. ಸ್ಥಾನವೂ ಗೌರವವೂ ಆಮೇಲೆ ಬಂದವು. ಚುಕ್ಕಾಣಿ ತಿರುಗಿಸಿದ ಕ್ಷಣದಲ್ಲಿ ಅವರ ಕಣ್ಣೆದುರಿಗಿದ್ದುದು ಮುಳುಗುತ್ತಿದ್ದ ಮನುಷ್ಯರು. ಆ ಕ್ಷಣದಲ್ಲಿ ಸ್ಪರ್ಧೆಯ ದೋಣಿ ಅಂಬಿಗನ ದೋಣಿಯಾಯಿತು. ಅಪಾಯದಲ್ಲಿರುವವರಿಗೆ ಸಾಧ್ಯವಾದ ನೆರವೆಲ್ಲವನ್ನೂ ನೀಡತಕ್ಕದ್ದೆಂಬುದು ಈ ಕ್ರೀಡೆಯ ನಿಯಮಾವಳಿಯ ಮೊದಲನೆಯ ನಿಯಮವೇ ಆಗಿದೆ. ಗೆಲ್ಲುವ ನಿಯಮಗಳೆಲ್ಲ ಅದರ ಅನಂತರ ಬರುತ್ತವೆ.

ಆದುದರಿಂದ ಏಕಾಕಿತನದಲ್ಲಿ ಎರಡು ಧರ್ಮಗಳು ಅಡಗಿವೆಯೆಂದು ತಿಳಿಯಬೇಕು: ತನ್ನ ತಪ್ಪಿಗೆ ತಾನೇ ಉತ್ತರ ಹೇಳುವುದು, ಪರರ ಸಂಕಟದ ಮುಂದೆ ತನ್ನ ಗೆಲುವನ್ನು ಮರೆಯುವುದು. ಮೊದಲನೆಯದು ಕಾಯಕದ ಶುದ್ಧಿ, ಎರಡನೆಯದು ದಾಸೋಹ. ಶುದ್ಧಿಯುಳ್ಳವನು ದಾಸೋಹವನ್ನು ಮರೆತರೆ ಶುದ್ಧಿಯೇ ಅಹಂಕಾರವಾಗಿ ಬೆಳೆಯುತ್ತದೆ. ದಾಸೋಹಿಯು ಶುದ್ಧಿಯನ್ನು ಮರೆತರೆ ಅವನ ದಾನ ಅವನ ತಪ್ಪುಗಳಿಗೆ ಹೊದಿಕೆಯಾಗುತ್ತದೆ.

ಶ್ರೀಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಹೊರಬಂದವರು ಇಂದು ನಾನಾ ಕಡೆ ತಮ್ಮ ತಮ್ಮ ಚುಕ್ಕಾಣಿ ಹಿಡಿದಿದ್ದಾರೆ. ಕಚೇರಿಯ ಕಡತ, ಅಂಗಡಿಯ ತಕ್ಕಡಿ, ಪರೀಕ್ಷೆಯ ಕೊಠಡಿ, ಇವೆಲ್ಲವೂ ಒಂಟಿ ದೋಣಿಗಳೇ. ಎಡವಿದಾಗ ಯಾರ ಕೂಗಿಗೂ ಕಾಯದೆ ದೋಣಿಯನ್ನು ತಿರುಗಿಸಿ ನಷ್ಟ ತೆತ್ತು ಮತ್ತೆ ಮುಂದೆ ಸಾಗುವ ಧೈರ್ಯವೂ, ಪಕ್ಕದಲ್ಲಿ ಮುಳುಗುತ್ತಿರುವವನನ್ನು ಕಂಡು ದಾರಿ ಬದಲಿಸುವ ಕರುಣೆಯೂ ನಮ್ಮೆಲ್ಲರಲ್ಲಿ ನೆಲೆಗೊಳ್ಳಲಿ.