ನಡುಕಕ್ಕೊಂದು ಹೊರದಾರಿ

1985ರ ಸೆಪ್ಟೆಂಬರ್ 19ರ ಬೆಳಗ್ಗೆ ಮೆಕ್ಸಿಕೊದ ಪೆಸಿಫಿಕ್ ಕರಾವಳಿಯಲ್ಲಿ ನೆಲ ನಡುಗಿತು. ಸತ್ತವರು ಹೆಚ್ಚಾಗಿ ಅಲ್ಲಿಂದ ಸುಮಾರು 350 ಕಿ.ಮೀ. ದೂರದ ಮೆಕ್ಸಿಕೊ ನಗರದವರು, ಸಾವಿರಾರು ಮಂದಿ. ಆ ನಗರದ ದೊಡ್ಡ ಭಾಗ ನಿಂತಿರುವುದು ಬತ್ತಿದ ಸರೋವರದ ಜೇಡಿಮಣ್ಣಿನ ಮೇಲೆ. ಅಂದು ಆ ಮಣ್ಣು ಸುಮಾರು 2 ಸೆಕೆಂಡಿಗೊಮ್ಮೆ ಅತ್ತಿತ್ತ ತೂಗಿತು. 6ರಿಂದ 15 ಮಹಡಿಯ ಕಟ್ಟಡಗಳ ಸಹಜ ಓಲಾಟ ಅದಕ್ಕೆ ಹತ್ತಿರದ್ದು. ಬಿರುಕು ಬಿಟ್ಟು ಸಡಿಲವಾದಂತೆಲ್ಲ ಇನ್ನೂ ಹತ್ತಿರವಾಗುತ್ತ ಹೋಯಿತು. ಹೆಚ್ಚು ಕುಸಿದವು ಅವೇ. 44 ಮಹಡಿಯ ಲ್ಯಾಟಿನೊಅಮೆರಿಕಾನಾ ಗೋಪುರಕ್ಕೆ ಏನೂ ಆಗಲಿಲ್ಲ.

ಇದು ಅನುರಣನದ ಕೆಲಸ. ಲಯ ಕೂಡಿದರೆ ಸಣ್ಣ ತಳ್ಳುಗಳೂ ಒಂದರ ಮೇಲೊಂದು ಸೇರಿ ಬೆಳೆಯುತ್ತವೆ. ಎಲ್ಲಿಯವರೆಗೆ? ಒಳಬಂದ ಶಕ್ತಿ ಎಷ್ಟು ಬೇಗ ಹೊರಬೀಳುತ್ತದೆ ಎನ್ನುವುದರ ಮೇಲೆ ಅದು ನಿಂತಿದೆ. ಆ ಜೇಡಿಮಣ್ಣು ಶಕ್ತಿಯನ್ನು ಸುಲಭಕ್ಕೆ ಬಿಟ್ಟುಕೊಡುವಂಥದಲ್ಲ. ಅದಕ್ಕೇ ನಡುಕ ಅಷ್ಟು ಹೊತ್ತು ಮುಂದುವರಿಯಿತು. ಬರುವ ಹೊಡೆತದ ಬಗ್ಗೆ ನಾವು ತುಂಬ ಯೋಚಿಸುತ್ತೇವೆ, ಅದು ಹೊರಹೋಗುವ ದಾರಿಯ ಬಗ್ಗೆ ಕಡಿಮೆ.

ನ್ಯೂಜಿಲೆಂಡಿನ ವಿಲಿಯಂ ರಾಬಿನ್ಸನ್ 1970ರ ದಶಕದಲ್ಲಿ ಯೋಚಿಸಿದ್ದು ಅದನ್ನೇ. ರಬ್ಬರ್ ಮತ್ತು ಉಕ್ಕಿನ ಹಾಳೆಗಳನ್ನು ಪದರ ಪದರವಾಗಿ ಬೆಸೆದು, ನಡುವೆ ಸೀಸದ ಕಂಬ ತುಂಬಿ, ಕಟ್ಟಡದ ಅಡಿಗಿಡುವ ಬೇರಿಂಗ್ ಮಾಡಿದರು. ರಬ್ಬರ್ ಕಟ್ಟಡದ ಓಲಾಟವನ್ನು ನಿಧಾನಗೊಳಿಸುತ್ತದೆ; ಗಟ್ಟಿ ನೆಲದ ಚುರುಕು ನಡುಕದ ಲಯಕ್ಕೆ ಅದು ಸಿಗುವುದಿಲ್ಲ. (ಮೆತ್ತನೆಯ ಕೆಸರುನೆಲದಲ್ಲಿ ಇದೇ ನಿಧಾನ ಅಪಾಯ ತಂದೀತು.) ಸೀಸ ಅತ್ತಿತ್ತ ನುಲಿದು, ನಡುಕದ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ. ಸೀಸವೇ ಏಕೆಂದರೆ, ನುಲಿದ ಮೇಲೆ ಸಾಮಾನ್ಯ ಉಷ್ಣತೆಯಲ್ಲೇ ಅದರ ಹರಳುಗಳು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಮುಂದಿನ ಕಂಪನಕ್ಕೂ ಅದು ಸಿದ್ಧ. ಇಷ್ಟು ಮೆತ್ತಗಿನ ಲೋಹದ ಈ ಗುಣ ನನ್ನನ್ನು ಪ್ರತಿಸಲವೂ ಮುಟ್ಟುತ್ತದೆ. 2001ರ ಭೂಕಂಪದಲ್ಲಿ ಆಸ್ಪತ್ರೆಯನ್ನೇ ಕಳೆದುಕೊಂಡ ಭುಜ್‌ನಲ್ಲಿ ಹೊಸ ಆಸ್ಪತ್ರೆ ಇಂಥ ಬೇರಿಂಗ್‌ಗಳ ಮೇಲೆ ನಿಂತಿದೆ.

ಇದೇ ಗಣಿತ ಕಣಗಳ ಲೋಕದಲ್ಲೂ ಇದೆ. ಜಿನೀವಾ ಬಳಿಯ ಸರ್ನ್‌ನಲ್ಲಿ, 27 ಕಿ.ಮೀ. ಸುತ್ತಳತೆಯ ಸುರಂಗದೊಳಗೆ, 1989ರಿಂದ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸಿದರು. ಒಟ್ಟು ಶಕ್ತಿ 91 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಸಮೀಪಿಸಿದಾಗ ಘಟನೆಗಳ ಎಣಿಕೆ ಶಿಖರದಂತೆ ಏರಿತು. ಅದು ಝಡ್ ಎಂಬ ಕಣದ ಅನುರಣನ. ಹುಟ್ಟಿದ ಝಡ್ ತಕ್ಷಣ ಕ್ಷಯಿಸುತ್ತದೆ. ಕ್ಷಯಕ್ಕೆ ದಾರಿಗಳು ಹೆಚ್ಚಿದಷ್ಟೂ ಶಿಖರ ಅಗಲವಾಗಿ ತಗ್ಗುತ್ತದೆ. ಅಗಲವನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೆಂದರೆ, ಚಂದ್ರನ ಸೆಳೆತಕ್ಕೆ ನೆಲ ಉಬ್ಬಿ ಆ ಸುತ್ತಳತೆ ಮಿಲಿಮೀಟರಿನಷ್ಟು ಬದಲಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

ಝಡ್ ನ್ಯೂಟ್ರಿನೊಗಳಾಗಿ ಒಡೆದಾಗ ಸುತ್ತಲಿನ ಉಪಕರಣಗಳಿಗೆ ಏನೂ ಕಾಣುವುದಿಲ್ಲ. ಆದರೆ ಆ ಕಾಣದ ದಾರಿಯೂ ಶಿಖರವನ್ನು ತನ್ನ ಪಾಲಿನಷ್ಟು ಅಗಲಿಸಿರುತ್ತದೆ. ಕಂಡ ದಾರಿಗಳನ್ನೆಲ್ಲ ಕಳೆದು ಉಳಿದದ್ದನ್ನು ಒಂದು ಬಗೆಯ ನ್ಯೂಟ್ರಿನೊದ ಪಾಲಿನಿಂದ ಭಾಗಿಸಿದಾಗ ಉತ್ತರ 3ಕ್ಕೆ ತೀರ ಹತ್ತಿರ ಬಂತು: ಹಗುರ ನ್ಯೂಟ್ರಿನೊಗಳು ಮೂರೇ ಬಗೆ, ನಾಲ್ಕನೆಯದಕ್ಕೆ ಅಲ್ಲಿ ಜಾಗವಿಲ್ಲ.