ಮಗುವಿನ ಎರಡನೆಯ ಗರ್ಭ

ಮಗ ಒಳ್ಳೆಯ ಅಂಕ ಗಳಿಸಿ ಬಂದರೆ ‘ಅಪ್ಪನ ಹೆಸರು ಉಳಿಸಿದ’ ಎನ್ನುತ್ತೇವೆ. ಅದೇ ಮಗ ಅಡ್ಡದಾರಿ ಹಿಡಿದರೆ ‘ತಾಯಿ ಸಲುಗೆ ಕೊಟ್ಟು ಕೆಡಿಸಿದಳು’ ಎನ್ನುತ್ತೇವೆ. ಹೆಣ್ಣುಮಗಳ ವಿಷಯಕ್ಕಂತೂ ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ಸಿದ್ಧವಾಗಿಯೇ ಇದೆ. ಕೀರ್ತಿ ತಂದೆಗೆ, ದೂರು ತಾಯಿಗೆ! ಈ ಹಂಚಿಕೆ ನ್ಯಾಯವೇ? ಮಕ್ಕಳನ್ನು ಬೆಳೆಸುವ ಹೊಣೆ ನಿಜವಾಗಿ ಯಾರದು?

ನಮ್ಮ ಅನೇಕ ಮನೆಗಳಲ್ಲಿ ಇದಕ್ಕೆ ಉತ್ತರ ಮೊದಲೇ ತೀರ್ಮಾನವಾಗಿರುತ್ತದೆ. ದುಡಿದು ತರುವುದು, ಶಾಲೆಯ ಫೀಸು ಕಟ್ಟುವುದು, ತಪ್ಪಿದರೆ ದಂಡಿಸುವುದು ತಂದೆಯ ಪಾಲು. ಉಣಿಸುವುದು, ಓದಿಸುವುದು, ಜಪ ಹೇಳಿಕೊಡುವುದು, ಧರ್ಮೋಪದೇಶದ ತರಗತಿಗೆ ಕಳುಹಿಸುವುದು ತಾಯಿಯ ಪಾಲು. ಅವಳು ಬೆಳಿಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಸಂಜೆ ಸುಸ್ತಾಗಿ ಬಂದರೂ ಈ ಪಾಲು ಕಡಿಮೆಯಾಗುವುದಿಲ್ಲ. ಮಗು ಹಟ ಮಾಡಿದಾಗ ‘ಇರು, ಅಪ್ಪ ಬರಲಿ, ಹೇಳ್ತೀನಿ’ ಎನ್ನುತ್ತಾಳೆ. ಹೀಗೆ ತಂದೆ ಮನೆಯ ಪೊಲೀಸನಾಗುತ್ತಾನೆ. ಮುಂದೆ ಮಗ ದೊಡ್ಡ ತಪ್ಪನ್ನೇ ಮಾಡಿದಾಗ ಅದೇ ತಾಯಿ ತಂದೆಗೆ ತಿಳಿಯದಂತೆ ಮುಚ್ಚಿಡುತ್ತಾಳೆ, ಮಗನ ವಕೀಲಳಾಗುತ್ತಾಳೆ. ಇಬ್ಬರ ನಡುವೆ ತಪ್ಪಿಸಿಕೊಳ್ಳುವ ಜಾಣತನವನ್ನು ಮಗು ಬೇಗನೆ ಕಲಿಯುತ್ತದೆ.

ಕೆಲಸವನ್ನು ಹಂಚಿಕೊಳ್ಳುವುದು ತಪ್ಪಲ್ಲ. ಆದರೆ ಕೆಲಸ ಬೇರೆ, ಹೊಣೆ ಬೇರೆ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಈ ಬಗ್ಗೆ ಆಳವಾದ ಮಾತೊಂದನ್ನು ಹೇಳಿದ್ದಾರೆ. ಯೆಹೂದ್ಯರ ಮಕ್ಕಳಿಗೆ ಹೆತ್ತವರ ಇಚ್ಛೆಗೆ ವಿರುದ್ಧವಾಗಿ ಜ್ಞಾನಸ್ನಾನ ಕೊಡಬಾರದೆಂದು ವಾದಿಸುವಾಗ ಅವರು ಕೊಡುವ ಕಾರಣ ಇದು: ಹುಟ್ಟುವ ಮೊದಲು ಮಗು ತಾಯಿಯ ಗರ್ಭದಲ್ಲಿರುತ್ತದೆ; ಹುಟ್ಟಿದ ಮೇಲೆ, ಸ್ವಂತ ವಿವೇಕ ಮೂಡುವ ತನಕ, ತಂದೆತಾಯಿಯ ಆರೈಕೆಯೆಂಬ ಆಧ್ಯಾತ್ಮಿಕ ಗರ್ಭದಲ್ಲಿರುತ್ತದೆ. ಮೊದಲನೆಯ ಗರ್ಭ ತಾಯಿಗೆ ಮಾತ್ರ ಸೇರಿದ್ದು. ಎರಡನೆಯದು ಇಬ್ಬರಿಗೂ ಸೇರಿದ್ದು. ಒಂಬತ್ತು ತಿಂಗಳ ಭಾರವನ್ನು ತಂದೆ ಹೊರಲಾರ, ನಿಜ. ಆದರೆ ಅನಂತರದ ಹದಿನೈದಿಪ್ಪತ್ತು ವರ್ಷಗಳ ಭಾರವನ್ನೂ ತಾಯಿಯೇ ಹೊರಲಿ ಎನ್ನಲು ಪ್ರಕೃತಿಯ ನೆಪ ಸಾಲದು.

ಹಣ ಕೊಟ್ಟರೆ ಹೊಣೆ ತೀರಿತೇ? ಸಂತ ಅಗಸ್ಟೀನರ ಮನೆಯನ್ನು ನೋಡೋಣ. ಅವರ ತಾಯಿ ಸಂತ ಮೋನಿಕಾರವರ ಕಣ್ಣೀರನ್ನು ನಾವೆಲ್ಲ ಬಲ್ಲೆವು. ತಂದೆ ಪ್ಯಾಟ್ರಿಷಿಯಸರನ್ನು ನೆನೆಯುವವರು ಕಡಿಮೆ. ಅವರು ಕೆಟ್ಟ ತಂದೆಯೇನಲ್ಲ. ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನ ಅವರು ಸ್ಥಿತಿವಂತರಲ್ಲದಿದ್ದರೂ ಮಗನನ್ನು ದೂರದ ಕಾರ್ಥೇಜಿಗೆ ಓದಲು ಕಳುಹಿಸಲು ಹಣ ಕೂಡಿಸಿದರು, ಜನ ಹೊಗಳಿದರು. ಹಣ ಒದಗುವ ತನಕ 16ರ ಪ್ರಾಯದ ಮಗ ಓದು ಬಿಟ್ಟು ಮನೆಯಲ್ಲಿ ಕಾಲ ಕಳೆಯಬೇಕಾಯಿತು. ದಾರಿ ತಪ್ಪಿದ್ದೂ ಆಗಲೇ. ಓದಿಗೆ ಅಷ್ಟು ಕಷ್ಟಪಟ್ಟ ತಂದೆ, ಮಗನ ನಡತೆ ಹೇಗಿದೆಯೆಂದು ಚಿಂತಿಸಲಿಲ್ಲ ಎಂದು ಅಗಸ್ಟೀನರೇ ತಮ್ಮ ‘ಕನ್ಫೆಷನ್ಸ್’ ಗ್ರಂಥದಲ್ಲಿ ಬರೆದಿದ್ದಾರೆ. ತಾಯಿ ಎಚ್ಚರಿಸಿದರೂ ಆಕೆಯದು ಒಂಟಿ ದನಿಯಾಯಿತು. ಕೊನೆಗೆ 387ರ ಪಾಸ್ಕಹಬ್ಬದಲ್ಲಿ ಮಿಲಾನಿನಲ್ಲಿ ಮಗನಿಗೆ ಜ್ಞಾನಸ್ನಾನವಾದಾಗ ತಂದೆ ತೀರಿಹೋಗಿ ಬಹಳ ವರ್ಷಗಳಾಗಿದ್ದವು.

ಇಂದು ಕೋಚಿಂಗಿಗೂ ಮೊಬೈಲಿಗೂ ಸಾಲ ಮಾಡಿ ಹಣ ಕೊಡುವ ತಂದೆಯರು ಎಷ್ಟಿಲ್ಲ! ಅವರ ಬೆವರಿಗೆ ಬೆಲೆಯಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಸಹೋದರರು ಮನೆಗಾಗಿಯೇ ಮನೆಯಿಂದ ದೂರವಿದ್ದಾರೆ. ಆದರೆ ದೂರವಿರುವುದೂ ಇಲ್ಲವಾಗುವುದೂ ಒಂದೇ ಅಲ್ಲ. ಫೋನಿನಲ್ಲಿ ‘ಎಷ್ಟು ಮಾರ್ಕ್ಸ್ ಬಂತು?’ ಎಂದಷ್ಟೇ ಕೇಳದೆ ‘ಯಾಕೆ ಕಂದಾ, ಮುಖ ಸಪ್ಪಗಿದೆ?’ ಎಂದು ಕೇಳುವ ತಂದೆ ಮಗುವಿನ ಪಕ್ಕದಲ್ಲೇ ಇದ್ದಾನೆ. ಪಕ್ಕದಲ್ಲೇ ಕುಳಿತು ಮೊಬೈಲಿನಲ್ಲಿ ಮುಳುಗಿದವನು ಎಷ್ಟೋ ದೂರದಲ್ಲಿದ್ದಾನೆ. ಮನೆಯಲ್ಲಿದ್ದು ಕುಡಿತದಿಂದಲೋ ಕೋಪದಿಂದಲೋ ಎಲ್ಲರನ್ನೂ ನಡುಗಿಸುವ ತಂದೆಯೂ ಇದ್ದಾನೆ. ಜಗದ್ಗುರು ಎರಡನೇ ಜಾನ್ ಪಾಲರು ಕುಟುಂಬದ ಬಗ್ಗೆ 1981ರಲ್ಲಿ ಹೊರಡಿಸಿದ ಬೋಧನೆಯಲ್ಲಿ, ತಂದೆಯ ಗೈರುಹಾಜರಿಯಷ್ಟೇ ಅವನ ದಬ್ಬಾಳಿಕೆಯೂ ಹಾನಿಕರವೆಂದು ಎಚ್ಚರಿಸಿದ್ದಾರೆ.

‘ಹಾಗಾದರೆ ತಂದೆತಾಯಿಯರಲ್ಲಿ ಭೇದವೇ ಇಲ್ಲವೇ?’ ಎಂದು ನೀವು ಕೇಳಬಹುದು. ಭೇದವಿದೆ. ತಾಯಿ ಮಗುವಿಗೆ ಒಡಲಿನಿಂದಲೇ ಹತ್ತಿರ. ತಂದೆ ಮನಸ್ಸು ಮಾಡಿ ಹತ್ತಿರ ಬರಬೇಕು. ಸಂತ ಜೋಸೆಫರಿಗೆ ರಕ್ತಸಂಬಂಧವೇ ಇರಲಿಲ್ಲ. ಆದರೂ ಮಗುವಿಗೆ ಹೆಸರಿಟ್ಟರು, ರಾತ್ರೋರಾತ್ರಿ ಎತ್ತಿಕೊಂಡು ಈಜಿಪ್ಟಿಗೆ ನಡೆದರು. ಬಾಲಯೇಸು ಜೆರುಸಲೇಮಿನಲ್ಲಿ ಉಳಿದುಹೋದಾಗ ತಾಯಿಯನ್ನು ದೂರುತ್ತಾ ಕೂರಲಿಲ್ಲ, ಜೊತೆಗೂಡಿ ಹುಡುಕಿದರು. ದೇವಾಲಯದಲ್ಲಿ ಮಗ ಸಿಕ್ಕಾಗ ಮಾತೆ ಮರಿಯಮ್ಮನವರು ತಮ್ಮೊಬ್ಬರ ಸಂಕಟವನ್ನು ಹೇಳಿಕೊಳ್ಳಲಿಲ್ಲ. ತಂದೆಯನ್ನು ಮೊದಲು ಹೆಸರಿಸಿ, ತಮ್ಮನ್ನು ಅನಂತರ ಸೇರಿಸಿ, ಇಬ್ಬರ ಪರವಾಗಿ ಮಾತನಾಡಿದರು (ಲೂಕ 2:48).

ಆದರೆ ಭೇದವಿದೆಯೆಂದು ಯಾರು ಏನು ಮಾಡಬೇಕೆಂಬ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಬೇಕಾಗಿಲ್ಲ. ಬಾಲಯೇಸುವಿನ ಸಂತ ತೆರೇಸಾರ ತಾಯಿ ಝೆಲಿ ಫ್ರಾನ್ಸಿನಲ್ಲಿ ಲೇಸ್ ಉದ್ಯಮ ನಡೆಸುತ್ತಿದ್ದರು. ಆ ಕೆಲಸ ಹೆಚ್ಚಾದಾಗ, 1870ರಲ್ಲಿ, ತಂದೆ ಲೂಯಿ ಮಾರ್ಟಿನ್ ತಮ್ಮ ಗಡಿಯಾರದ ಅಂಗಡಿಯನ್ನೇ ಬಿಟ್ಟು ಹೆಂಡತಿಗೆ ಹೆಗಲು ಕೊಟ್ಟರು. 1877ರಲ್ಲಿ ಝೆಲಿ ತೀರಿಕೊಂಡಾಗ ತೆರೇಸಾಗೆ ಇನ್ನೂ ಐದು ತುಂಬಿರಲಿಲ್ಲ. ಲೂಯಿಯವರು ಐವರು ಹೆಣ್ಣುಮಕ್ಕಳೊಡನೆ ಹೆಂಡತಿಯ ತಮ್ಮನ ಕಡೆಯವರಿದ್ದ ಲಿಸಿಯು ಪಟ್ಟಣಕ್ಕೆ ಬಂದು ನೆಲೆಸಿದರು. ಅಪ್ಪನ ಪ್ರೀತಿಗೆ ತಾಯಿಯ ಪ್ರೀತಿಯೂ ಬಂದು ಸೇರಿತೆಂದು ತೆರೇಸಾ ನೆನೆಯುತ್ತಾರೆ. ಈ ದಂಪತಿಯನ್ನು 2015ರಲ್ಲಿ ಧರ್ಮಸಭೆ ಒಟ್ಟಿಗೇ ಸಂತರೆಂದು ಘೋಷಿಸಿತು.

ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವ ತಾಯಿ ಅಥವಾ ತಂದೆ ಇದನ್ನೋದಿ ಎದೆಗುಂದಬಾರದು. ಲೂಯಿಯವರೂ ನೆಂಟರ ನೆರವು ಪಡೆದರು. ಅಂಥ ಮನೆಗಳಿಗೆ ಸೋದರಮಾವನಾಗಿ, ದೊಡ್ಡಪ್ಪನಾಗಿ, ಜ್ಞಾನ ತಂದೆತಾಯಿಯಾಗಿ ನಿಲ್ಲುವುದು ಧರ್ಮಕೇಂದ್ರದ ನಮ್ಮೆಲ್ಲರ ಕರ್ತವ್ಯ.

ತಾಯಂದಿರೇ, ‘ಅಪ್ಪ ಬರಲಿ’ ಎಂದು ಹೆದರಿಸುವುದನ್ನು ಬಿಟ್ಟು, ಅಪ್ಪ ಬಂದಾಗ ಮಗು ಬಾಗಿಲಿಗೆ ಓಡಿಹೋಗುವಂತೆ ಮಾಡಿರಿ. ತಂದೆಯರೇ, ಮಗುವಿಗೆ ಜಪ ಹೇಳಿಕೊಡುವುದು ಹೆಂಗಸರ ಕೆಲಸವೆಂದು ಎದ್ದು ಹೋಗದಿರಿ. ಈ ರಾತ್ರಿ ಹತ್ತು ನಿಮಿಷ ಅದರ ಪಕ್ಕದಲ್ಲಿ ಕುಳಿತು ಶಿಲುಬೆಯ ಗುರುತನ್ನು ನೀವೇ ಹಾಕಿಸಿರಿ. ಆಮೇಲೆ ಅದು ಹೇಳುವ ಕಥೆಯನ್ನು ನಡುವೆ ತಡೆಯದೆ ಕೇಳಿರಿ.