ಮಾತು ಕಳಚಿದ ದನಿ

ಅಗಡಿಯೆಂಬ ಊರಿನ ಸುತ್ತಲಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಮನುಷ್ಯನ ಕೊರಳು ಮಾತನ್ನೂ ರಾಗವನ್ನೂ ಬಿಟ್ಟುಕೊಟ್ಟು ಬರಿಯ ದನಿಯಾಗಿ ದೇವರ ಮುಂದೆ ನಿಲ್ಲುವ ಆಚರಣೆಯೊಂದು ಉಳಿದುಬಂದಿದ್ದು, ಅದು ಮೈಲಾರಲಿಂಗನ ಭಕ್ತರಾದ ಗೊರವಯ್ಯರದು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ, ಅಂದರೆ ಅಲ್ಲಿನ ಮೈಲಾರಲಿಂಗನ, ಸೇವೆಗೆಂದು ಕರಿಕಂಬಳಿ ಹೊದ್ದು ಬರುವ ಇವರು, ಹಾಲು ಬಾಳೆಹಣ್ಣು ಕಲಸಿಟ್ಟ ದೋಣಿಯ, ಅಂದರೆ ನೈವೇದ್ಯ ಸುರಿಯುವ ಪಾತ್ರೆಯ, ಸುತ್ತ ಬಾಗಿ ನಾಯಿಗಳಂತೆ ಬೊಗಳುತ್ತ, ಗುರುಗುಟ್ಟುತ್ತ, ಬಾಯಿಂದಲೇ ಪ್ರಸಾದ ಸ್ವೀಕರಿಸುತ್ತಾರೆ. ಮಣಿ, ಮಲ್ಲ ಎಂಬ ಅಸುರರ ಸಂಹಾರಕ್ಕೆ ಮೈಲಾರನಾಗಿ ಹೊರಟ ಶಿವನ ಸಂಗಡ ನಾಯಿಗಳಿದ್ದವೆಂಬ ಐತಿಹ್ಯ ಇದರ ಹಿಂದಿದೆ.

ಬೊಗಳಿಕೆ ಪೂಜೆಯಾಗುವುದು ಹೇಗೆ ಎಂಬುದು ಇಲ್ಲಿ ಏಳುವ ಪ್ರಶ್ನೆ. 13ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದ ಪ್ರಕಾರ, ನುಡಿಯಬಯಸಿದ ಆತ್ಮ ಮನಸ್ಸನ್ನು ಪ್ರೇರಿಸುತ್ತದೆ, ಮನಸ್ಸು ದೇಹದೊಳಗಿನ ಅಗ್ನಿಯನ್ನು ತಟ್ಟುತ್ತದೆ, ಅಗ್ನಿ ಎಬ್ಬಿಸಿದ ವಾಯು ನಾಭಿಯಿಂದ ಮೇಲೇರಿ ನಾದವಾಗುತ್ತದೆ. ಈ ಸರಣಿಯ ಮೊದಲ ಕೊಂಡಿ ವಿವಕ್ಷೆ, ಎಂದರೆ ಹೇಳಬೇಕೆಂಬ ಇಚ್ಛೆ. ಗೊರವಯ್ಯ ದೇವರಿಗೆ ಒಪ್ಪಿಸುವುದು ಅದನ್ನೇ. ನಾಯಿಗೆ ಹೇಳಲು ಸಿದ್ಧಾಂತವಿಲ್ಲ, ಒಡೆಯನ ಗುರುತಿದೆ, ಅಷ್ಟೆ. ಮನುಷ್ಯನನ್ನು ಪಶುವಿನ ಮಟ್ಟಕ್ಕಿಳಿಸುವ ಆಚಾರವಿದೆಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಭಕ್ತ ತಾನೇ ಕೆಳಗಿಡುವುದಕ್ಕೂ ಪರರು ಕಿತ್ತುಕೊಳ್ಳುವುದಕ್ಕೂ ಇರುವ ಅಂತರವನ್ನು ಆ ಆಕ್ಷೇಪ ಗಮನಿಸುವುದಿಲ್ಲ.

ಇಟಲಿಯ ಸಂಗೀತ ರಚನಕಾರ ಲೂಚಿಯಾನೊ ಬೆರಿಯೊ 1965ರಲ್ಲಿ ಗಾಯಕಿ ಕ್ಯಾಥಿ ಬರ್ಬೇರಿಯನ್‌ಗಾಗಿ ರಚಿಸಿದ ‘ಸೆಕ್ವೆನ್ಸಾ 3’ರಲ್ಲಿಯೂ ನಗು, ಕೆಮ್ಮು, ಒಡೆದ ಅಕ್ಷರಗಳು ಒಂಟಿ ಕಂಠದ ಸಂಗೀತವಾಗಿವೆ, ಆದರೆ ಅಲ್ಲಿ ಪ್ರತಿಯೊಂದು ಸದ್ದೂ ಗಾಯಕಿಯ ಹಿಡಿತವನ್ನು ಹಿಗ್ಗಿಸಿದರೆ, ದೋಣಿಯ ಮುಂದೆ ಹಿಡಿತವೇ ಸಡಿಲುತ್ತದೆ. ಅಗಡಿಯ ಆನಂದವನವೆಂಬ ಆಶ್ರಮದಿಂದ ಹೊರಟ, ಕಾದಂಬರಿಕಾರ ಗಳಗನಾಥರು ಸಂಪಾದಿಸಿದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಇದೇ ನೆಲದಲ್ಲಿ ಧರ್ಮವನ್ನು ಅಚ್ಚಿನ ಅಕ್ಷರದಲ್ಲಿ ಮನೆಮನೆಗೆ ಮುಟ್ಟಿಸಿತೆಂಬುದನ್ನು ನೆನೆದರೆ, ಅಕ್ಷರಕ್ಕೂ ಅದರ ಆಚೆಗಿನ ದನಿಗೂ ಒಂದೇ ಸೀಮೆ ಇಂಬು ಕೊಟ್ಟಿರುವುದು ಮನಸ್ಸನ್ನು ತುಂಬುತ್ತದೆ.

ಈ ಪರಂಪರೆಯಲ್ಲಿ ಮಾತು ಮರಳುವುದು ಕಾರ್ಣಿಕದಲ್ಲಿ, ಅಂದರೆ ದೈವವಾಣಿಯಲ್ಲಿ. ಎತ್ತರದ ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’, ಅಂದರೆ ಸುಮ್ಮನಿರಿ, ಎಂದು ಕೂಗಿದೊಡನೆ ನೆರೆದ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಒಂದೇ ಒಂದು ಚಿಕ್ಕ ವಾಕ್ಯ ನುಡಿದು ಅವನು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅದು ಮಳೆಯ ಮಾತೋ, ಬೆಳೆಯ ಮಾತೋ, ರಾಜಕಾರಣದ್ದೋ ಎಂಬ ಚರ್ಚೆಯನ್ನು ಜನ ಊರಿನ ಹಾದಿಯುದ್ದಕ್ಕೂ ನಡೆಸುತ್ತ ಹೋಗುತ್ತಾರೆ.